ಹಸರವ್ವ ಕುಡಿದ ಪೆಟ್ರೋಲು

ನಮ್ಮ ಎಮ್ಮೆಯನ್ನು ಅದರ ಜಾಗದಿಂದ ಎಬ್ಬಿಸಿ ಅಲ್ಲಿ ಮೋಟಾರು ತಂದು ನಿಲ್ಲಿಸಿದಾಗ ಎಮ್ಮೆ ಸಿಟ್ಟಾಗಿ ಎರಡು ದಿನ ಹಾಲು ಕೊಡಲಿಲ್ಲ. ಅದರ ಸಿಟ್ಟು ನ್ಯಾಯವಾದದ್ದೇ. ಗಜೇಂದ್ರಗಡದ ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗ ಇತ್ತು, ಅದನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಪಡಸಾಲೆಯ ಎಡಕ್ಕೆ ಎರಡು ಕುಣಿಮಗ್ಗ. ಅಪ್ಪ ಬೆಳಗಾಗುತ್ತಲೇ ಅಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟದ ಹೊತ್ತಿಗೇ ಏಳುವುದು. ಬಲಕ್ಕೆ ದೊಡ್ಡಪ್ಪನ ಗಾದಿ, ಒರಗುವ ಲೋಡು, ಅವನ ಬೆನ್ನ ಹಿಂದೆ ಜಂತೆ ಮುಟ್ಟುವಷ್ಟು ಸೀರೆಯ ಗಂಟುಗಳು. ಊರಿನ ನೇಕಾರರು ನೇಯ್ದ ಸೀರೆಗಳನ್ನು ಕೊಂಡು ರೋಣ, ನರಗುಂದದ ಅಂಗಡಿಗಳಿಗೆ ಮುಟ್ಟಿಸುವುದು ಅವನ ವ್ಯಾಪಾರ. ದೊಡ್ಡಪ್ಪ ಮದುವೆಯಾಗಿರಲಿಲ್ಲ, ಅವನ ಲಗ್ನ ಆ ಲೋಡಿನ ಜೊತೆಗೇ ಆಗಿದೆ ಎಂದು ಆಯಿ ಚ್ಯಾಷ್ಟಿ ಮಾಡುತ್ತಿದ್ದಳು. ಆಯಿ ಎಂದರೆ ಅಪ್ಪನ, ದೊಡ್ಡಪ್ಪನ ತಾಯಿ. ಅವಳ ಜಾಗ ತಲೆಬಾಗಿಲ ಒಳಗಿನ ಕಟ್ಟೆ. ಗಂಡ ತೀರಿಕೊಂಡ ಮೇಲೆ ಪೇಟೆಯ ಕಡೆ ತಲೆ ಹಾಕಿದವಳಲ್ಲ, ಆದರೆ ಆ ಕಟ್ಟೆಯ ಮೇಲೆ ಕೂತೇ ಇಡೀ ಓಣಿಯನ್ನು ಆಳುತ್ತಿದ್ದಳು. ಒಳಗಿನ ಅಡುಗೆಮನೆ ನನ್ನ ಅವ್ವನದು. ಇಷ್ಟು ಜನರ ನಡುವೆ ನನಗೆ ಮಾತ್ರ ಇಂಥದ್ದೇ ಎನ್ನುವ ಜಾಗ ಇರಲಿಲ್ಲ. ಮೋಟಾರು ಬಂದ ದಿನ ನಾನು ಅದರ ಮುಂದಿನ ಸೀಟಿಗೆ ಹತ್ತಿ ಕೂತೆ, ಊಟಕ್ಕೆ ಕರೆದರೂ ಇಳಿಯಲಿಲ್ಲ. ನನಗೆ ಆಗ ಹತ್ತು ವರ್ಷ.

ಮೋಟಾರು ಎಂದರೆ ಹಿಂದೆ ತೆರೆದ ತೊಟ್ಟಿಯಿದ್ದ ಹಳೆಯ ಪಿಕಪ್ಪು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು ಮೂರು ಕೈ ದಾಟಿ ದೊಡ್ಡಪ್ಪನ ಕೈಗೆ ಬಂದಿತ್ತು. ಹಸಿರು ಬಣ್ಣ, ಒಂದು ದೀಪ ಕುರುಡು, ಎಡಗಡೆಯ ಬಾಗಿಲಿಗೆ ಚಿಲಕದ ಬದಲು ಮಗ್ಗದ ಹಗ್ಗ. ಆಯಿ ಅದಕ್ಕೆ ಹಸರವ್ವ ಎಂದು ಹೆಸರಿಟ್ಟಳು. ಗಾಡಿ ಹೊಡೆಯಲು ಬಂದವನು ನಮ್ಮೂರಿನವನೇ ಆದ ರಾಜೇಸಾಬ. ಮಿಲಿಟರಿಯಲ್ಲಿ ಎಂಟು ವರ್ಷ ಗಾಡಿ ಹೊಡೆದವನು. ಸಿಟ್ಟು ಮೂಗಿನ ತುದಿಯಲ್ಲಿ, ಕೈ ಮಾತ್ರ ಬಂಗಾರ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಅವನು ಮುಂದೆ ನಿಂತು ಹ್ಯಾಂಡಲ್ ತಿರುಗಿಸುವಾಗ ಒಳಗಿನಿಂದ ಪೆಟ್ರೋಲಿನ ಪೆಡಲ್ ಒತ್ತುವ ಕೆಲಸ ನನ್ನದು. ಕಾಲು ಮುಟ್ಟುತ್ತಿರಲಿಲ್ಲ, ಸೀಟಿನಿಂದ ಅರ್ಧ ಜಾರಿ ಹೆಬ್ಬೆರಳಿನಿಂದ ಒತ್ತುತ್ತಿದ್ದೆ.

“ಒತ್ತ ನೀಲವ್ವಾ! ಸಾವಕಾಶ! ಇದು ಎಮ್ಮಿ ಅಲ್ಲವಾ, ಕುದರಿ!”

ಇಂಜಿನು ಒಮ್ಮೆ ಕೆಮ್ಮಿ, ಎರಡನೆಯ ಸಲ ಗುಡುಗಿ, ಮೂರನೆಯ ಸಲಕ್ಕೆ ಹಿಡಿದುಕೊಳ್ಳುತ್ತಿತ್ತು. ನನ್ನ ಪಾದದಿಂದ ನೆತ್ತಿಯವರೆಗೆ ಜುಮ್ಮೆನ್ನುತ್ತಿತ್ತು. ಈ ವಯಸ್ಸಿನಲ್ಲೂ ಯಾವುದಾದರೂ ಗಾಡಿ ಶುರುವಾದರೆ ನನ್ನ ಬಲಗಾಲಿನ ಹೆಬ್ಬೆರಳು ತಾನೇ ಮಡಚಿಕೊಳ್ಳುತ್ತದೆ, ಏನು ಮಾಡುವುದು!

ಹಸರವ್ವ ವಾರಕ್ಕೊಮ್ಮೆ ಸೀರೆಯ ಗಂಟು ಹೊತ್ತು ರೋಣದ ಮೇಲೆ ನರಗುಂದಕ್ಕೆ ಹೋಗಿಬರುತ್ತಿದ್ದಳು. ಮೊದಲ ವಾರ ಅವಳು ಹೊರಟು ನಿಂತಾಗ ಆಯಿ ಕಟ್ಟೆಯಿಂದ ಎದ್ದು ಬಂದಳು. ಹೆಣ್ಣುಮಗಳು ಮನೆಯಿಂದ ಹೊರಟರೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಕುಬಸಕ್ಕೊಂದು ಖಣದ ಬಟ್ಟೆ ಹಾಕಿ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಉಡಿ ತುಂಬಿಸಿಕೊಂಡು ಹೋದವಳು ಸುಖವಾಗಿ ತಿರುಗಿ ಬರುತ್ತಾಳೆ.

“ಹೆಣ್ಣಮಗಳು ಊರ ಬಿಟ್ಟ ಹೊಂಟಾಳ. ಬರೇ ಉಡಿಲೇ ಕಳಸ್ತೀರೇನ?” ಎಂದಳು ಆಯಿ.

“ಅತ್ತೀ, ಯಂತ್ರಕ್ಕ ಎಂಥಾ ಉಡಿರಿ?” ಎಂದು ಅವ್ವ ನಕ್ಕಳು.

“ನಗ, ನಗ. ನಡದಾರ್ಯಾಗ ನಿಂತಾಗ ಗೊತ್ತಾಕ್ಕೈತಿ.”

ಆಯಿ ವಿಧವೆ, ಉಡಿ ತುಂಬಲು ಅವಳಿಗೆ ತನ್ನ ಕೈ ಮುಂದೆ ಮಾಡುವ ಹಾಗಿರಲಿಲ್ಲ. ಅವ್ವ ಒಪ್ಪಲಿಲ್ಲ. ಹಾಗಾಗಿ ನನ್ನನ್ನು ಕರೆದಳು. ರಾಜೇಸಾಬ ಬಾನೆಟ್ಟು ಎತ್ತಿ ಇಂಜಿನಿಗೆ ನೀರು ಹಾಕುತ್ತಿದ್ದ. ನಾನು ಬಂಪರಿನ ಮೇಲೆ ಹತ್ತಿ ನಿಂತೆ. ಇಂಜಿನಿನ ನಡುವೆ, ಎಲ್ಲದಕ್ಕಿಂತ ಎತ್ತರದಲ್ಲಿ, ಕರಿಯ ಕಬ್ಬಿಣದ ಒಂದು ಗಡಿಗೆ ಕೂತಿತ್ತು. ದುಂಡನೆಯ ಹೊಟ್ಟೆ, ಮೇಲೊಂದು ಮುಚ್ಚಳ, ಮುಚ್ಚಳದ ಕೆಳಗೆ ಸಣ್ಣ ಕೊರಳು. ಆಯಿಗೆ ಅದನ್ನು ನೋಡಿದೊಡನೆ ಅದೇ ಹಸರವ್ವನ ನಡು ಎಂದು ಖಾತ್ರಿಯಾಯಿತು. ಅವಳು ಕೆಳಗಿನಿಂದ ಹೇಳಿದಂತೆ ನಾನು ಖಣದಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣದ ಬೇರು ಸುತ್ತಿ, ಆ ಗಡಿಗೆಯ ಕೊರಳಿಗೆ ಬಿಗಿಯಾಗಿ ಕಟ್ಟಿ, ಕುಂಕುಮ ಹಚ್ಚಿದೆ. ರಾಜೇಸಾಬನೂ ತಲೆಯ ಮೇಲೆ ವಸ್ತ್ರ ಹಾಕಿಕೊಂಡು ಭಕ್ತಿಯಿಂದ ನಿಂತಿದ್ದ. ಅಂದಿನಿಂದ ಪ್ರತಿ ವಾರ ಒಂದು ಉಡಿ. ಹಳೆಯದನ್ನು ಬಿಚ್ಚಿ ಹೊಸದು ಕಟ್ಟಲೇ ಎಂದು ಎರಡನೆಯ ವಾರ ಕೇಳಿದೆ. ಆಯಿ ಗದರಿದಳು.

“ತವರಮನಿ ಉಡೀನ ಗಂಡನ ಮನ್ಯಾಗ ಬಿಚ್ಚಬೇಕು. ಇಕಿಗೆ ಗಂಡನ ಮನಿ ಎಲ್ಲೈತಿ? ಅದರ ಮ್ಯಾಲೇ ಕಟ್ಟ.”

ಓದುವ ಜಾಣರಿಗೆ ಇಷ್ಟರಲ್ಲೇ ಎಲ್ಲ ತಿಳಿದಿರಬೇಕು. ತಿಳಿಯಲಿ ಬಿಡಿ. ನಮ್ಮ ಮನೆಯ ಜಾಣರಿಗೆ ಅದು ತಿಳಿಯಲು ಎರಡು ತಿಂಗಳು ಹಿಡಿಯಿತು, ಅಷ್ಟರಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಮಾನ ಹೋಗಿತ್ತು.

ನಾಲ್ಕನೆಯ ವಾರದ ಸುಮಾರಿಗೆ ಹಸರವ್ವ ನಡುಗತೊಡಗಿದಳು. ನಿಂತಲ್ಲೇ ಗಡಗಡ ಅಲುಗಾಡುವುದು, ಊರ ಹೊರಗಿನ ಏರಿನಲ್ಲಿ ಮುಗ್ಗರಿಸುವುದು, ನಡುನಡುವೆ ಹಿಂದಿನ ಕೊಳವೆಯಿಂದ ಫಟ್ ಎಂದು ಸಿಡಿಯುವುದು. ಹೊಗೆ ಕರಿ ಕರಿ. ಒಂದು ದಿನ ಅವ್ವ ಒಣಗಲು ಹರವಿದ್ದ ಹಪ್ಪಳದ ಮೇಲೆ ಆ ಹೊಗೆ ಕೂತು ಅಷ್ಟನ್ನೂ ಎಮ್ಮೆಗೆ ಹಾಕಬೇಕಾಯಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಪೆಟ್ರೋಲು. ಟಾಕಿಯಲ್ಲಿ ಎಷ್ಟಿದೆ ಎಂದು ತೋರಿಸುವ ಮುಳ್ಳು ಎಂದೋ ಸತ್ತಿತ್ತು. ದೊಡ್ಡಪ್ಪ ಮಗ್ಗದ ಮುರುಕು ಕೋಲೊಂದನ್ನು ಟಾಕಿಗೆ ಇಳಿಬಿಟ್ಟು, ಒದ್ದೆಯಾದಷ್ಟನ್ನು ಬೆರಳಿನಿಂದ ಅಳೆಯುತ್ತಿದ್ದ. ನರಗುಂದಕ್ಕೆ ಹೋಗಿಬರಲು ಮೊದಲು ನಾಲ್ಕು ಬೆರಳು ಸಾಕಾಗಿತ್ತು. ಅದು ಐದಾಯಿತು, ಆರಾಯಿತು, ಎಂಟಾಯಿತು. ಅಳೆದ ದಿನ ಊಟದ ಹೊತ್ತಿಗೆ ಮನೆಯಲ್ಲಿ ಜಗಳ ಖಂಡಿತ. ದೊಡ್ಡಪ್ಪ ರೊಟ್ಟಿ ಮುರಿಯುತ್ತಿದ್ದ ರೀತಿಯಿಂದಲೇ ಎಷ್ಟು ಬೆರಳು ಇಳಿದಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ರಾಜೇಸಾಬ ಸುಮ್ಮನಿರುವ ಆಸಾಮಿಯಲ್ಲ. ಅಂಗಳದಲ್ಲಿ ತಾಡಪತ್ರಿ ಹಾಸಿ ಗಾಡಿಯ ರೋಗ ಹುಡುಕಲು ಕೂತ. ಅವನ ಎದುರು ನಾನು. ಆ ದಿನಗಳ ಹುರುಪನ್ನು ನಾನು ಹೇಗೆ ಹೇಳಲಿ! ಶಾಲೆಯಲ್ಲಿ ಮಗ್ಗಿ ತಪ್ಪುತ್ತಿದ್ದವಳು ಇಂಜಿನಿನ ಒಂದೊಂದು ಭಾಗವನ್ನೂ ಹೆಸರು ಹಿಡಿದು ಕರೆಯುತ್ತಿದ್ದೆ. ಮೊದಲು ನಾವಿಬ್ಬರೂ ಗಾಡಿಯ ಕೆಳಗೆ ಅಂಗಾತ ಮಲಗಿ ಪೆಟ್ರೋಲು ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿದೆವು. ಒಂದು ಹನಿಯೂ ಇಲ್ಲ. ಬ್ರೇಕು ಹಿಡಿದುಕೊಂಡಿರಬಹುದು ಎಂದು ಗೇರು ಬಿಡಿಸಿ ಹಿಂದಿನಿಂದ ದಬ್ಬಿದೆವು. ಗಾಡಿ ಸರಾಗವಾಗಿ ಉರುಳಿ ಎಮ್ಮೆಯ ನೀರಿನ ಬಾನಿಗೆ ಬಡಿಯಿತು. ಗಾಲಿಗಳಲ್ಲಿ ಗಾಳಿ ಸರಿ ಇತ್ತು. ಆಮೇಲೆ ಪ್ಲಗ್ಗು ಬಿಚ್ಚಿದ.

“ಇದು ಗಾಡಿ ನಾಲಿಗಿ ಇದ್ದಂಗ, ನೀಲವ್ವ. ಪಂಡಿತರು ನಾಲಿಗಿ ನೋಡಿ ಜಡ್ಡ ಹೇಳೂದಿಲ್ಲೇನ? ಕಂದ ಬಣ್ಣ ಇದ್ರ ಚಲೋ. ಬೆಳ್ಳಗಿದ್ರ ಪೆಟ್ರೋಲ್ ಕಡಿಮಿ. ಕರ್ರಗಿದ್ರ…”

ಕರ್ರಗೇ ಇತ್ತು. ಮೆತ್ತಗೆ, ಒಣಗಿದ ಕಾಡಿಗೆಯ ಹಾಗೆ ಬೆರಳಿಗೆ ಹತ್ತಿತು.

“ಕರ್ರಗಿದ್ರ ಏನ ಕಾಕಾ?”

“ಪೆಟ್ರೋಲ್ ಭಾಳ ಹೊಂಟೈತಿ. ಉರಿಲಾರದ ಮಸಿ ಆಗೇತಿ.”

ಅವನು ಕಾರ್ಬೊರೇಟರು ಬಿಚ್ಚಿದ. ಅದರ ಸಣ್ಣ ಹಿತ್ತಾಳೆಯ ತೂತುಗಳನ್ನು ಬಾಯಿಂದ ಊದಿ, ಬೆಳಕಿಗೆ ಹಿಡಿದು, ನನಗೂ ತೋರಿಸಿದ. ತೂತಿನಾಚೆ ಆಯಿಯ ಮುಖ ಕಾಣಿಸಿತು. ಕಟ್ಟೆಯ ಮೇಲಿಂದ ಅವಳು ಏನು ನೋಡುತ್ತಿದ್ದೀರಿ ಎಂದು ಕೂಗುತ್ತಿದ್ದಳು. ಆ ಕೆಲಸಕ್ಕಾಗಿ ಕರಿಯ ಗಡಿಗೆಯನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಡಬೇಕಾಗಿತ್ತು. ರಾಜೇಸಾಬ ಅದನ್ನು ಉಡಿಯ ಸಮೇತ, ಕೂಸನ್ನು ಎತ್ತುವ ಹಾಗೆ ಎತ್ತಿ, ಶುದ್ಧವಾದ ಬಟ್ಟೆ ಹಾಸಿ ಅದರ ಮೇಲಿಟ್ಟ. ಕೆಲಸ ಮುಗಿದ ಮೇಲೆ ಹಾಗೆಯೇ ಎತ್ತಿ ಕೂರಿಸಿದ. ಗಡಿಗೆ ಪಕ್ಕಕ್ಕಿದ್ದಾಗ ಇಂಜಿನು ಶುರುಮಾಡಿ ನೋಡುವುದು ಅವನಿಗೆ ಹೊಳೆಯಲಿಲ್ಲ, ನನಗೂ ಇಲ್ಲ. ಪ್ಲಗ್ಗು ತಿಕ್ಕಿ ತೊಳೆದು ಹಾಕಿದ್ದರಿಂದ ಗಾಡಿ ಒಂದು ದಿನ ಚೆನ್ನಾಗಿ ನಡೆಯಿತು. ನಾವು ಗೆದ್ದೆವು ಎಂದು ಕುಣಿದೆ. ಮರುದಿನ ಮತ್ತೆ ಕರಿ ಹೊಗೆ.

ದೊಡ್ಡಪ್ಪ ನರಗುಂದದ ಒಬ್ಬ ಮೇಸ್ತ್ರಿಗೆ ತೋರಿಸಿದ. ಆ ಮೇಸ್ತ್ರಿ ಬಾನೆಟ್ಟು ಎತ್ತಿದವನೇ ಉಡಿಯನ್ನು ಕಂಡು ಕಣ್ಣಿಗೊತ್ತಿಕೊಂಡನಂತೆ. ಆಮೇಲೆ ಇಂಜಿನಿಗೆ ಕಿವಿಗೊಟ್ಟು, ಮುದುಕಾಗಿದೆ, ಇನ್ನು ಇದರ ಆಸೆ ಬಿಡಿ ಎಂದನಂತೆ. ದೊಡ್ಡಪ್ಪ ಆಸೆ ಬಿಡುವ ಪೈಕಿ ಅಲ್ಲ. ಅವನ ತಲೆಯಲ್ಲಿ ಬೇರೆಯೇ ಒಂದು ಹುಳ ಹೊಕ್ಕಿತ್ತು. ಟಾಕಿಯ ಮುಚ್ಚಳಕ್ಕೆ ಸರಪಳಿ ಸುತ್ತಿ ಬೀಗ ಜಡಿದು, ಬೀಗದ ಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ. ಆ ವಾರವೂ ಎಂಟು ಬೆರಳು ಇಳಿಯಿತು. ಬೀಗ ಹಾಕಿದ ಮೇಲೂ ಇಳಿಯಿತು ಅಂದರೆ ಕದಿಯುವವರು ಯಾರೂ ಇಲ್ಲ ಎಂದು ಯಾರಾದರೂ ತಿಳಿಯುತ್ತಾರೆ. ದೊಡ್ಡಪ್ಪ ತಿಳಿದದ್ದು ರಾಜೇಸಾಬನ ಹತ್ತಿರ ಇನ್ನೊಂದು ಬೀಗದ ಕೈ ಇದೆ ಎಂದು! ಮುಂದಿನ ವಾರ ಅವನೇ ಗಾಡಿಯ ಜೊತೆ ನರಗುಂದಕ್ಕೆ ಹೋದ. ಅಲ್ಲಿಯ ಅಂಗಡಿಯ ಮಾಲಕರು ಗಾಡಿ ಯಾಕೆ ಇಷ್ಟು ಹೊಗೆ ಬಿಡುತ್ತದೆ ಎಂದು ಕೇಳಿದ್ದೇ ನೆಪವಾಯಿತು. ಗಂಟು ಇಳಿಸುವ ಹಮಾಲರು, ಗಿರಾಕಿಗಳು ಎಲ್ಲರಿಗೂ ಕೇಳುವ ಹಾಗೆ ದೊಡ್ಡಪ್ಪ ಅಂದನಂತೆ:

“ಪೆಟ್ರೋಲ್ ಗಾಡಿ ಕುಡಿಯೂದಿಲ್ರಿ, ಡ್ರೈವರ ಕುಡಿತಾನ.”

ನಾಲ್ಕು ಜನ ನಕ್ಕರಂತೆ. ರಾಜೇಸಾಬ ಗಂಟು ಹೊತ್ತುಕೊಂಡು ಅಲ್ಲೇ ನಿಂತಿದ್ದ. ಹೊತ್ತ ಗಂಟನ್ನು ಇಳಿಸಿ, ಗಾಡಿ ಹೊಡೆದುಕೊಂಡು ಗಜೇಂದ್ರಗಡಕ್ಕೆ ಬಂದ, ಅಂಗಳದಲ್ಲಿ ನಿಲ್ಲಿಸಿದ, ಚಾವಿಯನ್ನು ಆಯಿಯ ಮುಂದೆ ಇಟ್ಟ.

“ಅವ್ವಾರ, ನಾ ಇನ್ನ ಈ ಅಂಗಳಾ ತುಳ್ಯಾಂಗಿಲ್ಲ. ಸಿಟ್ಟಾಗಬ್ಯಾಡ್ರಿ.”

ನಡೆದದ್ದನ್ನು ದೊಡ್ಡಪ್ಪನ ಬಾಯಿಂದಲೇ ಕೇಳಿದ ಆಯಿ ಆ ರಾತ್ರಿ ಅವನ ಜೊತೆ ಮಾತು ಬಿಟ್ಟಳು. ನಾನು ಅತ್ತು ಅತ್ತು ಮುಖ ಊದಿಸಿಕೊಂಡೆ. ರಾಜೇಸಾಬ ಕಳ್ಳನಲ್ಲ ಎಂದು ನನಗೆ ಗೊತ್ತು. ಆದರೆ ಎಂಟು ಬೆರಳು ಪೆಟ್ರೋಲು ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಗುವವರೆಗೆ ಅವನು ಬರುವುದಿಲ್ಲ, ಅವನ ಮೇಲಿನ ಮಾತು ಅಳಿಸುವುದೂ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಅವ್ವ ರೊಟ್ಟಿಗೆ ಹಿಟ್ಟು ನಾದುತ್ತ ನನಗೆ ಒಲೆ ಹೊತ್ತಿಸಲು ಹೇಳಿದಳು. ನನ್ನ ಲಕ್ಷ್ಯ ಎಲ್ಲಿತ್ತು? ಹತ್ತಿಯ ಕಟ್ಟಿಗೆಯನ್ನು ಒಲೆಯ ಬಾಯಿ ತುಂಬ ತುರುಕಿ ಊದಿದೆ. ಉರಿ ಏಳಲಿಲ್ಲ, ಹೊಗೆ ಎದ್ದಿತು, ಕರಿ ಹೊಗೆ. ಅವ್ವ ಕೆಮ್ಮುತ್ತ ಬಂದು ನನ್ನ ತಲೆಗೆ ಒಂದು ಮೊಟಕಿದಳು.

“ಖೋಡಿ! ಒಲಿ ಬಾಯಿಗೆ ಇಷ್ಟ ತುರುಕಿದ್ರ ಹ್ಯಾಂಗ ಉರಿತೈತಿ? ಅದಕ್ಕೂ ಉಸರ ಬೇಕಲ್ಲ! ಇಷ್ಟ ಕಟಗಿ ಸುಮ್ನ ಮಸಿ ಆದ್ವು ನೋಡ.”

ಅವಳು ಅರ್ಧ ಕಟ್ಟಿಗೆ ಹೊರಗೆಳೆದಳು. ಉರಿ ಭಗ್ಗನೆ ಎದ್ದಿತು, ಹೊಗೆ ಹೋಯಿತು. ನಾನು ಒಲೆಯ ಮೇಲಿದ್ದ ಗಡಿಗೆಯ ತಳಕ್ಕೆ ಬೆರಳು ಹಚ್ಚಿದೆ. ಮೆತ್ತನೆಯ ಮಸಿ. ಪ್ಲಗ್ಗಿನ ಮೇಲಿದ್ದದ್ದೂ ಇದೇ ಮಸಿ. ಎದ್ದು ಓಡಿದೆ. ಮಸೀದಿಯ ಹಿಂದಿನ ಓಣಿಯಲ್ಲಿ ರಾಜೇಸಾಬ ತನ್ನ ಮನೆಯ ಮುಂದೆ ಶೇಂಗಾ ಸುಲಿಯುತ್ತ ಕೂತಿದ್ದ.

“ಕಾಕಾ, ಹಸರವ್ವ ಉಸರ ಎಲ್ಲಿಂದ ತಗೋತಾಳ?”

“ಗಾಡಿ ಮಾತ ನನ್ನ ಮುಂದ ತಗೀಬ್ಯಾಡವಾ.”

“ಇದೊಂದ ಹೇಳ, ನಿನ್ನ ಕಾಲ ಬೀಳ್ತೀನಿ. ಉಸರ ಎಲ್ಲಿಂದ?”

“ಕಾರ್ಬೊರೇಟರ ಮ್ಯಾಲೆ ಕರೇ ಗಡಿಗಿ ಐತಲ್ಲ. ಮುಚ್ಚಳದ ಕೆಳಗ, ಕೊಳ್ಳಿನ ಸುತ್ತೂ ಸಂದಿ ಐತಿ. ಗಾಳಿ ಅಲ್ಲಿಂದ ಒಳಗ…”

ಅಷ್ಟಕ್ಕೇ ನಿಂತ. ಶೇಂಗಾ ಕೈಯಿಂದ ಉದುರಿತು. ಬಾಯಿ ತೆರೆದು ನನ್ನನ್ನು ನೋಡಿದ.

“ಯಾ ಅಲ್ಲಾ! ಎಂಟ ವರ್ಷ ಮಿಲಿಟರಿ ಗಾಡಿ ಬಿಚ್ಚಿ ಕಟ್ಟಿದವ ನಾ! ದಿನಾ ಮುಂಜಾನೆ ಅದಕ್ಕ ಕೈ ಮುಗದು ಬಾನೆಟ್ ಮುಚ್ಚೇನಲ್ಲಬೇ!”

ಚಪ್ಪಲಿ ಮೆಟ್ಟದೆ ಓಡಿದ. ಅವನ ಹಿಂದೆ ನಾನು, ನಮ್ಮಿಬ್ಬರ ಹಿಂದೆ ಓಣಿಯ ನಾಯಿ. ಮನೆಯ ಮುಂದೆ ಬಂದವನು ಅಂಗಳದ ಗೋಡೆಯ ಹತ್ತಿರ ಗಕ್ಕನೆ ನಿಂತ. ಅಂಗಳ ತುಳಿಯುವುದಿಲ್ಲ ಎಂದು ಮಾತು ಕೊಟ್ಟಿದ್ದನಲ್ಲ! ಎಷ್ಟು ಎಳೆದರೂ ಒಳಗೆ ಬರಲಿಲ್ಲ. ಗೋಡೆಯ ಆಚೆ ನಿಂತು, ಗೋಡೆಯ ಮೇಲೆ ಗದ್ದ ಇಟ್ಟು, ಅಲ್ಲಿಂದಲೇ ಕೂಗಿದ.

“ನೀಲವ್ವ, ಹತ್ತ ಮ್ಯಾಲ! ಬಿಚ್ಚ!”

ಬಂಪರು ಹತ್ತಿದೆ. ಗಂಟುಗಳು ಧೂಳು, ಎಣ್ಣೆ ಕುಡಿದು ಕಲ್ಲಾಗಿದ್ದವು. ಹಲ್ಲಿನಿಂದ ಬಿಚ್ಚಿದೆ. ಒಂದು ಖಣ, ಎರಡು, ಮೂರು. ಅಕ್ಕಿ ಸುರಿಯಿತು, ಕೊಬ್ಬರಿ ಬಟ್ಟಲು ಉರುಳಿ ಕೋಳಿಗಳ ಪಾಲಾಯಿತು. ಒಟ್ಟು ಒಂಬತ್ತು ಖಣ. ಒಂಬತ್ತನೆಯದನ್ನು ಎಳೆದಾಗ ಮುಚ್ಚಳದ ಕೆಳಗಿನ ಸಂದಿ ಕಂಡಿತು. ಬೆರಳು ಹಾಕಿ ನೋಡಿದೆ, ಬೆರಳು ಒಳಗೆ ಹೋಯಿತು. ಗದ್ದಲ ಕೇಳಿ ಅಪ್ಪ ಮಗ್ಗದಿಂದ ಎದ್ದು ಬಂದ. ರಾಜೇಸಾಬ ಗೋಡೆಯಾಚೆಯಿಂದ ಪ್ಲಗ್ಗು ತೊಳೆಯುವುದು ಹೇಗೆ ಎಂದು ಕೂಗಿ ಹೇಳಿದ, ಅಪ್ಪ ತೊಳೆದು ಹಾಕಿದ. ಹ್ಯಾಂಡಲ್ ಅಪ್ಪನ ಕೈಯಲ್ಲಿ, ನಾನು ಸೀಟಿನಿಂದ ಜಾರಿ ಪೆಡಲಿನ ಮೇಲೆ. ಒಂದು ಸಲ ತಿರುಗಿಸಿದ. ಎರಡನೆಯ ಸಲಕ್ಕೇ ಹಸರವ್ವ ಹಿಂದಿನಿಂದ ಒಂದು ಉಂಡೆ ಕರಿ ಹೊಗೆ ಉಗುಳಿ ಹಿಡಿದುಕೊಂಡಳು. ನಡುಕ ಇಲ್ಲ. ಸಿಡಿತ ಇಲ್ಲ. ಅಪ್ಪನ ಮಗ್ಗ ಲಯ ಹಿಡಿದಾಗ ಹೇಗೋ ಹಾಗೆ ಒಂದೇ ಸಮನೆ ನಡೆಯಿತು.

“ಕೇಳ್ರಿ! ಕೇಳ್ರಿ ಆಕಿ ದನಿ!” ಎಂದು ರಾಜೇಸಾಬ ಗೋಡೆಯಾಚೆ ಕುಣಿದ. ನಾನು ಗಾಡಿಯೊಳಗೇ ಕುಣಿದೆ. ಅಪ್ಪ, ಎಂದೂ ದನಿ ಎತ್ತದವನು, “ಭಲೇ!” ಎಂದು ಕೂಗಿದ.

ಆಗ ಆಯಿ ಬಂದಳು. ನೆಲದ ಮೇಲೆ ಬಿದ್ದ ಒಂಬತ್ತು ಖಣ ಕಂಡು ಅವಳ ಮುಖ ಬಿಳುಪೇರಿತು.

“ಉಡಿ ಬಿಚ್ಚಿದಿ? ತುಂಬಿದ ಉಡಿ ಬಿಚ್ಚಿದಿ ಏನ, ಹಾಳ ಹುಡಗಿ?”

ಗೋಡೆಯಾಚೆಯಿಂದ ರಾಜೇಸಾಬ ಮೆಲ್ಲಗೆ ಹೇಳಿದ.

“ಅವ್ವಾರ, ಅದು ಆಕಿ ನಡಾ ಅಲ್ರಿ. ಮೂಗ್ರಿ.”

ಆಯಿ ಗಡಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಹೊಗೆಯಿಲ್ಲದೆ ನಡೆಯುತ್ತಿದ್ದ ಗಾಡಿಯನ್ನು ನೋಡಿದಳು. ಅವಳಿಗೆ ಯಂತ್ರ ತಿಳಿಯದಿದ್ದರೂ ಒಲೆ ತಿಳಿಯುತ್ತಿತ್ತು.

“ನನ್ನ ಶಿವನ! ಎರಡ ತಿಂಗಳ ಹೆಣ್ಣಮಗಳ ಮೂಗ ಒತ್ತಿ ಹಿಡದಿದ್ನೇನ ನಾ?”

ಎಂದು ಕೆಳಗೆ ಕೂತೇಬಿಟ್ಟಳು. ಮೊದಲು ಅವ್ವ ನಕ್ಕಳು, ಆಮೇಲೆ ಅಪ್ಪ, ಆಮೇಲೆ ಆಯಿಗೂ ತಡೆಯಲಾಗಲಿಲ್ಲ. ನಗದವನು ದೊಡ್ಡಪ್ಪ ಒಬ್ಬನೇ. ಅವನು ಪಡಸಾಲೆಯಿಂದ ಇಳಿದು ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಗೋಡೆಯ ಕಡೆ ತಿರುಗದೆ ಹೇಳಿದ.

“ಆತ ಬಿಡು. ನಾಳಿಂದ ಕೆಲಸಕ್ಕ ಬಾ.”

ನಗು ನಿಂತಿತು. ರಾಜೇಸಾಬ ಗೋಡೆಯ ಮೇಲಿನಿಂದ ಕೈ ತೆಗೆದ.

“ಸಾವಕಾರ್ರ, ನೀವು ಮನ್ಯಾಗ ಅಂದಿದ್ರ ಮನ್ಯಾಗ ಮುಗೀತಿತ್ತು. ನೀವು ನರಗುಂದದಾಗ ನಾಕ ಮಂದಿ ಮುಂದ ಅಂದೀರಿ. ಆ ನಾಕ ಮಂದಿ ಮುಂದ ನಾ ಇನ್ನೂ ಕಳ್ಳನ ಅದೀನಿ.”

“ಹಂಗಂದ್ರ? ನಾ ಪ್ಯಾಟ್ಯಾಗ ನಿಂತು ತಪ್ಪಾತು ಅನಬೇಕೇನ?”

“ಅನ್ರಿ ಅಂತ ನಾ ಹೇಳಾಂಗಿಲ್ಲ. ನಾಳೆ ಗಂಟ ಮುಟ್ಟಿಸಿ ಬರ್ತೀನಿ, ವಾರದ ಮಾಲ ನಿಲ್ಲಬಾರದು. ನೀವೂ ಬರ್ರಿ, ನಿಮ್ಮ ಕೋಲ ತಗೊಂಡ ಬರ್ರಿ. ಆಮ್ಯಾಲೆ ನಿಮ್ಮ ಗಾಡಿ ನಿಮಗ, ನನ್ನ ದಾರಿ ನನಗ.”

ಅಂದರೆ ಅದೊಂದೇ ಸಲ. ನನ್ನ ಕುಣಿತ ಅಲ್ಲೇ ಇಳಿಯಿತು. ದೊಡ್ಡಪ್ಪ ಲೋಡಿಗೆ ಹೋಗಿ ಒರಗಿದ. ತಪ್ಪಾಯಿತು ಎನ್ನುವ ಮಾತು ಅವನ ಬಾಯಿಂದ ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆಯಿ ಬಿದ್ದ ಖಣಗಳನ್ನೆಲ್ಲ ಆರಿಸಿ ಮಡಚಿಟ್ಟಳು. ಆಮೇಲೆ ಅವ್ವನನ್ನು ಕರೆದು ಹೇಳಿದಳು.

“ನಾಳಿಗೆ ನಾಕ ಕಟಕ ರೊಟ್ಟಿ ಹೆಚ್ಚಿಗಿ ಬಡಿ. ನಾನೂ ಹೊಂಟೇನಿ.”

ಮರುದಿನ ಬೆಳಿಗ್ಗೆ ರಾಜೇಸಾಬ ಗಾಡಿಯನ್ನು ಬೀದಿಗೆ ತರಿಸಿ ಅಲ್ಲೇ ಹತ್ತಿದ. ಮುಂದೆ ಎರಡೂವರೆ ಮಂದಿಗೆ ಜಾಗ. ಆಯಿ ಹಗ್ಗದ ಬಾಗಿಲ ಕಡೆ ಕೂತಳು, ನಡುವೆ ನಾನು. ದೊಡ್ಡಪ್ಪ ಕೋಲು ಹಿಡಿದು ಬಂದಾಗ ಅವನಿಗೆ ಉಳಿದದ್ದು ಹಿಂದಿನ ತೊಟ್ಟಿ, ಸೀರೆಯ ಗಂಟುಗಳ ಮೇಲೆ. ಎಷ್ಟೋ ವರ್ಷ ಕಟ್ಟೆ ಬಿಟ್ಟು ಕದಲದ ಆಯಿ, ಊರ ಹೊರಗಿನ ಏರನ್ನು ಹಸರವ್ವ ಒಂದೇ ಉಸಿರಿಗೆ ಹತ್ತಿದಾಗ ನನ್ನ ತೊಡೆ ಹಿಡಿದುಕೊಂಡು ಹುಡುಗಿಯ ಹಾಗೆ ಕಿರುಚಿದಳು.

“ಇನ್ನೂ ಜೋರ ಹೊಡಿಯೋ ರಾಜೇಸಾಬಾ! ಇದೇನ ಹೆಣದ ಮೆರವಣಿಗಿ ಏನ?”

ರಾಜೇಸಾಬ ಸಿಟ್ಟಿನಲ್ಲಿದ್ದರೂ ನಕ್ಕುಬಿಟ್ಟ. ಎರಡೂ ಕಡೆ ಎರೆಹೊಲ, ಮೊಣಕಾಲುದ್ದ ಬಿಳಿಜೋಳ, ತಂಪು ಗಾಳಿ. ಹಿಂದೆ ದೊಡ್ಡಪ್ಪನ ರುಮಾಲು ಬಿಚ್ಚಿ ಗಾಳಿಯಲ್ಲಿ ಹಾರುತ್ತಿತ್ತು. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಕೋಲು. ರೋಣ ದಾಟಿ ಸವಡಿಯ ಹತ್ತಿರ ಬಂದಾಗ ಅವನು ಗಾಡಿ ನಿಲ್ಲಿಸಲು ಹೇಳಿ ಟಾಕಿಗೆ ಕೋಲು ಇಳಿಬಿಟ್ಟ. ಒಂದೇ ಬೆರಳು ಇಳಿದಿತ್ತು. ನಂಬದೆ, ಒರೆಸಿ, ಇನ್ನೊಮ್ಮೆ ಇಳಿಬಿಟ್ಟ. ಒಂದೇ ಬೆರಳು. ನರಗುಂದದ ಅಂಗಡಿಯ ಮುಂದೆ ಮತ್ತೆ ಅಳೆದ. ಎರಡು. ಮೊದಲಿನ ಲೆಕ್ಕಕ್ಕೆ ಸರಿಯಾಗಿ ಎರಡು ಬೆರಳು. ರಾಜೇಸಾಬ ಕೋಲಿನ ಕಡೆ ನೋಡಲೇ ಇಲ್ಲ. ದೊಡ್ಡಪ್ಪ ಒದ್ದೆ ಕೋಲನ್ನು ಒರೆಸುತ್ತ ನಿಂತ. ಅಂಗಡಿಯ ಮಾಲಕರು ಹೊರಗೆ ಬಂದರು, ಅವತ್ತಿನ ಹಮಾಲರೇ ಗಂಟು ಇಳಿಸಲು ಬಂದರು. ಒಬ್ಬ ರಾಜೇಸಾಬನನ್ನು ನೋಡಿ ಇನ್ನೊಬ್ಬನ ಕಿವಿಯಲ್ಲಿ ಏನೋ ಹೇಳಿ ನಕ್ಕ.

ಆಯಿ ಹಗ್ಗ ಬಿಚ್ಚಿ ಕೆಳಗಿಳಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನಡುಬೀದಿಯಲ್ಲಿ, ಅಷ್ಟು ಗಂಡಸರ ಎದುರು ನಿಂತಳು.

“ಇಲ್ಲೇ ನಿಂತು ನನ್ನ ಮಗ ಈ ರಾಜೇಸಾಬನ್ನ ಪೆಟ್ರೋಲ್ ಕಳ್ಳ ಅಂದಿದ್ದನಂತ. ಕದ್ದಾಕಿ ನಾನ್ರೆಪಾ. ಗಾಡಿ ಉಸರಾಡೋ ಜಾಗಾಕ್ಕ ಒಂಬತ್ತ ಖಣ ಕಟ್ಟಿಸಿದಾಕಿ ನಾನು. ಅದಕ್ಕ ಉರಿಲಾರದ ಪೆಟ್ರೋಲ್ ಹೊಗಿ ಆಗಿ ಹೋತು. ಇವ ಒಂದ ಹನಿ ಮುಟ್ಟಿಲ್ಲ. ಅವತ್ತ ನಕ್ಕವರು ಇವತ್ತ ನನ್ನ ನೋಡಿ ನಗ್ರಿ.”

ಯಾರೂ ನಗಲಿಲ್ಲ. ನಾನು ಸೀಟಿನ ಮೇಲೆ ಕೂತಿದ್ದೆ. ಕೂತೇ ಇರಬಹುದಿತ್ತು, ಹತ್ತು ವರ್ಷದ ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಗಂಟು ಹಾಕಿದ್ದು ನನ್ನ ಕೈ, ಬಿಗಿಯಾಗಿ ಹಾಕಿದ್ದು. ಹಾರಿ ಇಳಿದು ಆಯಿಯ ಪಕ್ಕಕ್ಕೆ ನಿಂತೆ. “ಕಟ್ಟಿದಾಕಿ ನಾನ್ರಿ” ಎಂದೆ. ದನಿ ಇಲಿಯ ದನಿಯಷ್ಟು ಬಂತು, ಆದರೆ ಬಂತು. ಅವತ್ತು ಹೆದರಿಕೆಯೂ ಖುಷಿಯೂ ಒಟ್ಟಿಗೇ ಬಂದು ನನ್ನ ಮೈಯೆಲ್ಲ ಬಿಸಿಯಾದದ್ದು ಇನ್ನೂ ನೆನಪಿದೆ.

ಅಂಗಡಿಯ ಮಾಲಕರು, “ಇರ್ಲಿ ಬಿಡ್ರವ್ವಾ, ದೊಡ್ಡವರು ನೀವು, ಒಳಗ ಬರ್ರಿ” ಎಂದರು. ಆಯಿ ಕದಲಲಿಲ್ಲ. ಅವಳು ಯಾರನ್ನು ಕಾಯುತ್ತಿದ್ದಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪನ ಕಿವಿ ಕೆಂಪಾಗಿದ್ದವು. ಅವನು ಕೋಲನ್ನು ಗಾಡಿಗೆ ಒರಗಿಸಿ ರಾಜೇಸಾಬನ ಮುಂದೆ ಬಂದು ನಿಂತ.

“ತಪ್ಪಾತೋ ರಾಜೇಸಾಬ” ಎಂದ. ಪೇಟೆಗೆಲ್ಲ ಕೇಳುವ ಹಾಗೆ, ಮಗ್ಗದ ಹಲಗೆ ಹೊಡೆದಷ್ಟು ಜೋರಾಗಿ.

ರಾಜೇಸಾಬನ ಕಣ್ಣು ತುಂಬಿದ್ದವು, ಅದಕ್ಕೇ ಸಿಟ್ಟು ಬಂತೋ ಏನೋ.

“ಆತ್ರಿ, ಎಷ್ಟೊತ್ತ ನಿಲ್ಲೂದು? ಗಂಟ ಇಳಸ್ರಿ. ಹೊತ್ತ ಇಳಿಯೂದ್ರಾಗ ಊರ ಮುಟ್ಟಬೇಕು. ಮುಂದಿನ ವಾರ ಟಾಯರ ಬ್ಯಾರೆ ನೋಡೂದೈತಿ.”

ಮುಂದಿನ ವಾರ ಅಂದ! ನಾನು ಆಯಿಯ ಕೈ ಜಗ್ಗಿದೆ, ಅವಳು ನನ್ನ ಕೈ ಹಿಸುಕಿದಳು. ಹಮಾಲರು ಇನ್ನೂ ನಿಂತೇ ಇದ್ದರು. ದೊಡ್ಡಪ್ಪ ತೊಟ್ಟಿಯ ಹಲಗೆ ಬಿಚ್ಚಿ, ಎಲ್ಲಕ್ಕಿಂತ ದೊಡ್ಡ ಗಂಟನ್ನು ತಾನೇ ಹೆಗಲಿಗೇರಿಸಿಕೊಂಡ. ಹೆಜ್ಜೆ ತಪ್ಪಿ ವಾಲಿದಾಗ ರಾಜೇಸಾಬ ಹಿಂದಿನಿಂದ ಗಂಟಿಗೆ ಕೈ ಕೊಟ್ಟ. ಇಬ್ಬರೂ ಅದನ್ನು ಹಾಗೆಯೇ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು.